ಹಲ್ಲಿನ ಪಕ್ಕದ ಗುಂಡಿಗೆ ಯಾವ ಮೂಳೆ ಪುಡಿ? ಕಿರುಛೇದ ವಸಡು ಶಸ್ತ್ರಚಿಕಿತ್ಸೆಯಲ್ಲಿ ಗ್ರಾಫ್ಟ್ ಆಯ್ಕೆ

ವಸಡಿನ ರೋಗ ಮುಂದುವರಿದು ಹಲ್ಲಿನ ಬೇರಿನ ಪಕ್ಕದಲ್ಲಿ ಮೂಳೆ ಕರಗಿದಾಗ ಅಲ್ಲೊಂದು ಗುಂಡಿ ಬೀಳುತ್ತದೆ. ‘ಇದಕ್ಕೆ ಮೂಳೆ ಪುಡಿ ಹಾಕಬೇಕು’ ಎಂದು ವೈದ್ಯರು ಹೇಳುತ್ತಾರೆ, ‘ಯಾವ ಪುಡಿ ಒಳ್ಳೆಯದು’ ಎಂದು ರೋಗಿ ಕೇಳುತ್ತಾರೆ. ಉತ್ತರಕ್ಕೆ ಕೈಹಾಕುವ ಮೊದಲು ಒಂದು ಪ್ರಯೋಗದ ಫಲಿತಾಂಶ ಗೊತ್ತಿರಬೇಕು. 2011ರಲ್ಲಿ ಇಟಲಿಯ ಕೊರ್ಟೆಲ್ಲಿನಿ ಮತ್ತು ಟೊನೆಟ್ಟಿ, ಆಳವಾದ ಮೂಳೆಗುಂಡಿಗಳಿದ್ದ 45 ರೋಗಿಗಳನ್ನು ಮೂರು ಗುಂಪು ಮಾಡಿದರು. ಮೂರರಲ್ಲೂ ಶಸ್ತ್ರಚಿಕಿತ್ಸೆ ಒಂದೇ, ಸಣ್ಣ ಕಿಟಕಿಯಂಥ ಛೇದದ ಮೂಲಕ ಮಾಡುವಂಥದ್ದು. ಮೊದಲ ಗುಂಪಿಗೆ ಒಳಗೆ ಏನನ್ನೂ ಹಾಕಲಿಲ್ಲ. ಎರಡನೆಯದಕ್ಕೆ ಎನಾಮೆಲ್ ಪ್ರೋಟೀನಿನ ಜೆಲ್, ಮೂರನೆಯದಕ್ಕೆ ಆ ಜೆಲ್ ಜೊತೆಗೆ ಗೋವಿನ ಮೂಳೆಯ ಪುಡಿ. ಒಂದು ವರ್ಷದ ನಂತರ ಬೇರಿಗೆ ಮರಳಿ ಸಿಕ್ಕ ಹಿಡಿತ ಮೂರೂ ಗುಂಪುಗಳಲ್ಲಿ ಸುಮಾರು 4 ಮಿ.ಮೀ. ಇತ್ತು. ಏನೂ ಹಾಕದ ಗುಂಪು ಹಿಂದೆ ಬೀಳಲಿಲ್ಲ.

ಹಾಗಾದರೆ ಪುಡಿಗಳೆಲ್ಲ ವ್ಯರ್ಥ ಎಂದು ತೀರ್ಮಾನಿಸುವುದು ಅವಸರವಾಗುತ್ತದೆ. ಆ ಪ್ರಯೋಗ ಹೇಳುವುದು ಬೇರೆ. ಗುಂಡಿಯ ಗೋಡೆಗಳು ಗಟ್ಟಿಯಾಗಿದ್ದು, ಮೇಲಿನ ವಸಡು ಅಲುಗಾಡದೆ ಮುಚ್ಚಿಕೊಂಡಿದ್ದರೆ ಒಳಗೆ ಹೆಪ್ಪುಗಟ್ಟಿದ ರಕ್ತವೇ ಸಾಕಷ್ಟು ಕೆಲಸ ಮಾಡುತ್ತದೆ. ಗೋಡೆಗಳಿಲ್ಲದ ಕಡೆ, ವಸಡು ಕುಸಿದು ಒಳಗೆ ಬೀಳುವ ಕಡೆ ಮಾತ್ರ ಇಂಥ ಪುಡಿಗೆ, ಅಂದರೆ ಗ್ರಾಫ್ಟ್‌ಗೆ ನಿಜವಾದ ಉದ್ಯೋಗವಿದೆ. ಯಾವ ಗ್ರಾಫ್ಟ್ ಎಂಬುದು ಆ ಉದ್ಯೋಗ ಏನು ಎಂಬುದರ ಮೇಲೆ ನಿಂತಿದೆ.

ಬೆಳೆಯಬೇಕಾದದ್ದು ಮೂರು

ವಸಡಿನ ಪುನರುತ್ಪತ್ತಿ ಎಂದರೆ ಮೂಳೆ ತುಂಬಿಕೊಳ್ಳುವುದಷ್ಟೇ ಅಲ್ಲ. ಬೇರಿನ ಮೇಲೆ ಹೊಸ ಸಿಮೆಂಟಮ್ ಎಂಬ ಗಟ್ಟಿ ಹೊದಿಕೆ, ಎದುರಿಗೆ ಹೊಸ ಮೂಳೆ, ಇವೆರಡರಲ್ಲೂ ತುದಿ ನೆಟ್ಟುಕೊಂಡ ಲಿಗಮೆಂಟ್ ತಂತುಗಳು, ಮೂರೂ ಒಟ್ಟಿಗೆ ಬೆಳೆಯಬೇಕು. ಈ ಕೆಲಸಕ್ಕೆ ಬೇಕಾದ ಜೀವಕೋಶಗಳು ಮುಖ್ಯವಾಗಿ ಲಿಗಮೆಂಟ್‌ನಿಂದಲೇ ಬರಬೇಕು ಎಂಬ ವಾದವನ್ನು ಸಂಶೋಧಕ ಮೆಲ್ಚರ್ 1976ರಲ್ಲಿ ಮುಂದಿಟ್ಟರು. ಗಾಯಕ್ಕೆ ಮೊದಲು ಧಾವಿಸುವುದು ಮಾತ್ರ ವಸಡಿನ ಹೊರಪದರದ ಕೋಶಗಳು. ಅವು ಬೇರಿನ ಉದ್ದಕ್ಕೂ ಇಳಿದು ತೆಳುವಾಗಿ ಅಂಟಿಕೊಂಡರೆ ಹಲ್ಲು ಮತ್ತು ವಸಡಿನ ನಡುವಿನ ಪಾಕೆಟ್ ಮುಚ್ಚಿದಂತೆ ಕಾಣುತ್ತದೆ, ಅಳತೆಯೂ ಇಳಿಯುತ್ತದೆ, ಹೊಸ ತಂತು ಮಾತ್ರ ಇರುವುದಿಲ್ಲ. ವೈದ್ಯಕೀಯ ಭಾಷೆಯಲ್ಲಿ ಇದು ರಿಪೇರಿ, ಪುನರುತ್ಪತ್ತಿಯಲ್ಲ. ಹೊರಗಿನಿಂದ ಪ್ರೋಬ್ ಎಂಬ ಅಳತೆಕಡ್ಡಿ ಹಾಕಿ ನೋಡುವವರಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಹಲ್ಲನ್ನು ಸುತ್ತಲಿನ ಅಂಗಾಂಶದೊಂದಿಗೆ ತೆಗೆದು ಸೂಕ್ಷ್ಮದರ್ಶಕದಡಿ ನೋಡಿದಾಗಷ್ಟೇ ಖಚಿತ. ಆದ್ದರಿಂದಲೇ ಗ್ರಾಫ್ಟ್‌ಗಳ ಬಗ್ಗೆ ಮಾನವ ಅಂಗಾಂಶ ಪರೀಕ್ಷೆಯ ಪುರಾವೆ ಬಲು ವಿರಳ, ಇರುವಷ್ಟಕ್ಕೆ ಬೆಲೆ ಹೆಚ್ಚು.

ಗ್ರಾಫ್ಟ್‌ನ ಗುಣವನ್ನು ಹೇಳುವಾಗ ಮೂರು ಮಾತು ಬಳಕೆಯಲ್ಲಿವೆ. ಜೀವಂತ ಮೂಳೆಕೋಶಗಳನ್ನೇ ಹೊತ್ತು ತಂದು ಮೂಳೆ ಕಟ್ಟುವುದು ಒಂದು. ಅಕ್ಕಪಕ್ಕದ ಕೋಶಗಳಿಗೆ ಸಂಕೇತ ಕೊಟ್ಟು ಅವನ್ನು ಮೂಳೆಕೋಶಗಳಾಗಿ ಪರಿವರ್ತಿಸುವುದು ಎರಡು. ಸುಮ್ಮನೆ ಹಂದರವಾಗಿ ನಿಂತು, ಬಂದ ಕೋಶಗಳಿಗೆ ಹತ್ತಲು ಜಾಗ ಕೊಡುವುದು ಮೂರು. ಮಾರುಕಟ್ಟೆಯಲ್ಲಿ ಸಿಗುವ ಪುಡಿಗಳಲ್ಲಿ ಹೆಚ್ಚಿನವು ಮೂರನೆಯ ಗುಂಪಿಗೆ ಸೇರಿದವು, ಜಾಹೀರಾತು ಏನೇ ಹೇಳಲಿ.

ಗುಂಡಿಯ ಆಕಾರವೇ ಅರ್ಧ ಉತ್ತರ

ಗುಂಡಿಯನ್ನು ಅಳೆಯುವಾಗ ಮೂರು ಸಂಗತಿ ನೋಡುತ್ತಾರೆ: ಆಳ, ಅಗಲ, ಉಳಿದಿರುವ ಮೂಳೆಗೋಡೆಗಳ ಸಂಖ್ಯೆ. ಆಳ 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಪುನರುತ್ಪತ್ತಿಗೆ ಕೈಹಾಕುವುದರಲ್ಲಿ ಲಾಭ ಕಡಿಮೆ. ಬೇರಿನ ಮೇಲ್ಮೈಗೂ ಗುಂಡಿಯ ಎದುರು ಗೋಡೆಗೂ ನಡುವಿನ ಕೋನವನ್ನು ಎಕ್ಸ್‌ರೇಯಲ್ಲಿ ಅಳೆಯಬಹುದು. 25 ಡಿಗ್ರಿ ಅಥವಾ ಅದಕ್ಕಿಂತ ಕಿರಿದಾದ ಗುಂಡಿಗಳು ಚೆನ್ನಾಗಿ ತುಂಬಿಕೊಳ್ಳುತ್ತವೆ, 37 ಡಿಗ್ರಿ ದಾಟಿದ ಅಗಲ ಗುಂಡಿಗಳು ಸತಾಯಿಸುತ್ತವೆ.

ಮೂರು ಗೋಡೆಯ ಕಿರಿದಾದ ಗುಂಡಿ ರಕ್ತದ ಹೆಪ್ಪನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಒಂದೇ ಗೋಡೆ ಉಳಿದ ಅಗಲ ಗುಂಡಿಯಲ್ಲಿ ಹೆಪ್ಪಿಗೆ ಆಸರೆಯಿಲ್ಲ. ಮೇಲಿನ ವಸಡು ಒಳಕ್ಕೆ ಕುಸಿದರೆ ಮೂಳೆ ಬೆಳೆಯಬೇಕಾದ ಜಾಗವೇ ಇಲ್ಲವಾಗುತ್ತದೆ. ಇಲ್ಲಿ ಪುಡಿಯ ಕೆಲಸ ಚಪ್ಪರಕ್ಕೆ ಕೊಟ್ಟ ಕಂಬದ್ದು: ಮೇಲಿನ ಹೊದಿಕೆ ಬೀಳದಂತೆ ತಡೆಯಬೇಕು, ತಡೆಯುವಷ್ಟು ಕಾಲ ಕರಗದೆ ನಿಲ್ಲಬೇಕು. ಬೇಗ ಕರಗುವ ವಸ್ತು ಇಲ್ಲಿ ಸೋಲುತ್ತದೆ. ಅದೇ ವಸ್ತು ಮೂರು ಗೋಡೆಯ ಗುಂಡಿಯಲ್ಲಿ ಏನೂ ತೊಂದರೆ ಕೊಡುವುದಿಲ್ಲ.

ಹಿಂದಿನ ಹಲ್ಲುಗಳ ಬೇರು ಕವಲೊಡೆಯುವ ಜಾಗದಲ್ಲಿ ಮೂಳೆ ಕರಗಿದರೆ ಲೆಕ್ಕ ಬೇರೆ. ಒಂದು ಬದಿಯಿಂದ ಪ್ರೋಬ್ ಒಳಗೆ ಹೋಗಿ, ಇನ್ನೊಂದು ಬದಿಗೆ ದಾಟದಿದ್ದರೆ ಅದು ಎರಡನೇ ದರ್ಜೆ. ಕೆಳದವಡೆಯ ಹಲ್ಲಿನಲ್ಲಿ ಕೆನ್ನೆಯ ಬದಿಗಿದ್ದರೆ ಪ್ರಯತ್ನಕ್ಕೆ ಅರ್ಥವಿದೆ. ಆರಪಾರ ತೂತಾದ ಮೂರನೇ ದರ್ಜೆಯಲ್ಲಿ ಯಾವ ಪುಡಿಯ ಮೇಲೂ ಭರವಸೆ ಇಡುವಂತಿಲ್ಲ.

ಸಣ್ಣ ಕಿಟಕಿ, ಹೊಸ ಷರತ್ತುಗಳು

ಹಳೆಯ ವಿಧಾನದಲ್ಲಿ ಹಲವು ಹಲ್ಲುಗಳ ವಸಡನ್ನು ಎರಡೂ ಬದಿ ಬಿಡಿಸಿ ಎತ್ತುತ್ತಿದ್ದರು. ಹಲ್ಲುಗಳ ಸಂದಿನಲ್ಲಿರುವ ವಸಡಿನ ಮೊನೆ, ಅಂದರೆ ಪ್ಯಾಪಿಲ್ಲಾ, ಸೀಳಿಹೋಗುತ್ತಿತ್ತು. ಹೊಲಿಗೆ ಬಿಚ್ಚಿಕೊಳ್ಳುವುದೂ ಅಲ್ಲೇ, ಪುಡಿ ಹೊರಗೆ ಸೋರುವುದೂ ಅಲ್ಲೇ. ಕಿರುಛೇದ ವಿಧಾನಗಳ ಇತಿಹಾಸವೆಂದರೆ ಪ್ಯಾಪಿಲ್ಲಾವನ್ನು ಉಳಿಸಿಕೊಳ್ಳುವ ಇತಿಹಾಸ. ಕೊರ್ಟೆಲ್ಲಿನಿ ಮತ್ತು ಟೊನೆಟ್ಟಿ 2007ರಲ್ಲಿ ವಿವರಿಸಿದ ಕ್ರಮದಲ್ಲಿ ಎರಡೂ ಬದಿಯ ವಸಡನ್ನು ಎತ್ತಿದರೂ ಗುಂಡಿ ಇರುವ ಸಂದಿಗಷ್ಟೇ ಸೀಮಿತ. ಸಂದಿನ ವಸಡು 2 ಮಿ.ಮೀ.ಗಿಂತ ಅಗಲವಿದ್ದರೆ ಛೇದ ಅಡ್ಡವಾಗಿ, 2 ಮಿ.ಮೀ. ಅಥವಾ ಕಡಿಮೆ ಇದ್ದರೆ ಓರೆಯಾಗಿ. 2009ರಲ್ಲಿ ಅವರೇ ತಂದ ಮಾರ್ಪಾಡಿನಲ್ಲಿ ಕೆನ್ನೆಯ ಬದಿಯಿಂದ ಮಾತ್ರ ಸಣ್ಣ ಕಿಟಕಿ ತೆರೆಯುತ್ತಾರೆ, ಪ್ಯಾಪಿಲ್ಲಾ ತನ್ನ ಜಾಗದಲ್ಲೇ ಬೇರಿಗೆ ಅಂಟಿಕೊಂಡಿರುತ್ತದೆ. ಅದರಡಿ ಕೂತ ರೋಗಪೀಡಿತ ಅಂಗಾಂಶವನ್ನು ಮಾತ್ರ ಕತ್ತರಿಸಿ ತೆಗೆಯುತ್ತಾರೆ. ಭೂತಗನ್ನಡಿಯ ಲೂಪ್ಸ್ ಅಥವಾ ಸೂಕ್ಷ್ಮದರ್ಶಕ, ಮೈಕ್ರೋ ಬ್ಲೇಡ್, ಬೇರು ಕೆರೆಯುವ ಸಣ್ಣ ಕ್ಯೂರೆಟ್ ಇಲ್ಲದೆ ಇದು ಆಗದು.

ಈ ಕಿಟಕಿಗೊಂದು ಮಿತಿಯಿದೆ. ಗುಂಡಿ ನಾಲಗೆಯ ಬದಿಗೆ ಸುತ್ತಿಕೊಂಡಿದ್ದರೆ ಆ ಬದಿಯ ಬೇರಿನ ಮೇಲ್ಮೈ ಕಣ್ಣಿಗೂ ಸಿಗುವುದಿಲ್ಲ, ಉಪಕರಣಕ್ಕೂ ಸಿಗುವುದಿಲ್ಲ. ಗಟ್ಟಿಗೊಂಡ ಪಾಚಿಯ ಕಲ್ಲು ಉಳಿದ ಬೇರಿನ ಮೇಲೆ ಎಂಥ ಗ್ರಾಫ್ಟ್ ಹಾಕಿದರೂ ಫಲವಿಲ್ಲ. ಆಗ ಹಟ ಹಿಡಿಯದೆ ಇನ್ನೊಂದು ಬದಿಯನ್ನೂ ತೆರೆಯುವುದೇ ಸರಿ.

ಕಿಟಕಿ ಚಿಕ್ಕದಾದಷ್ಟೂ ವಸ್ತುವಿನ ‘ಕೈಗುಣ’ ಮುಖ್ಯವಾಗುತ್ತದೆ. ಇದನ್ನು ಗ್ರಾಫ್ಟ್‌ಗಳ ಹೋಲಿಕೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. 4 ಮಿ.ಮೀ. ಕಿಂಡಿಯ ಮೂಲಕ ಒಣ ಹರಳು ಸುರಿದರೆ ಅರ್ಧ ವಸಡಿನ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತದೆ, ಆ ಅಂಚು ಕೂಡುವುದಿಲ್ಲ. ಸಿರಿಂಜಿನಲ್ಲಿ ಬರುವ ಜೆಲ್, ಕೊಲಾಜೆನ್ ಬೆರೆಸಿದ ಮೆತ್ತನೆಯ ತುಂಡು, ರಕ್ತದ ಫೈಬ್ರಿನ್‌ನಲ್ಲಿ ಅಂಟಿಸಿದ ಹರಳಿನ ಮುದ್ದೆ ಇಲ್ಲಿ ಗೆಲ್ಲುತ್ತವೆ. ಹೊರಪದರದ ಕೋಶಗಳು ಒಳಗಿಳಿಯದಂತೆ ಗುಂಡಿಗೆ ಮುಚ್ಚುವ ಪರದೆಯನ್ನು ಅಂಥ ಕಿಟಕಿಯಲ್ಲಿ ತೂರಿಸಿ, ಗುಂಡಿಯ ಅಂಚಿನಿಂದ 2-3 ಮಿ.ಮೀ. ಆಚೆ ತನಕ ಹರಡಿ ಕೂರಿಸಲು ವಸಡನ್ನು ಇನ್ನಷ್ಟು ಬಿಡಿಸಬೇಕಾಗುತ್ತದೆ. ಹಾಗೆ ಬಿಡಿಸಿದ ಮೇಲೆ ಕಿರುಛೇದ ಎನ್ನಲು ಏನೂ ಉಳಿಯುವುದಿಲ್ಲ.

ಪುಡಿಗಳು, ಒಂದೊಂದಾಗಿ

ರೋಗಿಯ ಸ್ವಂತ ಮೂಳೆ ಮೇಲೆ ಹೇಳಿದ ಮೂರೂ ಗುಣ ಇರುವ ಒಂದೇ ವಸ್ತು. ಬಾಯೊಳಗೇ ಸಿಗುತ್ತದೆ: ಮೇಲ್ದವಡೆಯ ಕೊನೆಯ ಉಬ್ಬು, ಕೆಳದವಡೆಯ ಹಿಂಭಾಗ, ಗದ್ದ. ಮೇಲ್ದವಡೆಯ ಉಬ್ಬಿನ ಮೂಳೆ ಮೆತ್ತಗೆ, ಕೋಶಗಳು ಹೆಚ್ಚು, ಬೇಗ ಕರಗುತ್ತದೆ. ಕೆಳದವಡೆಯದು ಗಟ್ಟಿ, ನಿಧಾನ. ಬೋನ್ ಸ್ಕ್ರೇಪರ್‌ನಿಂದ ಹೆರೆದ ಚೂರು ಬಳಸುವುದು ಉತ್ತಮ. ಡ್ರಿಲ್ ಮಾಡುವಾಗ ಸಕ್ಷನ್ ಸೋಸಕದಲ್ಲಿ ಸಿಗುವ ಮೂಳೆಹುಡಿಯಲ್ಲಿ ಎಂಜಲಿನ ಬ್ಯಾಕ್ಟೀರಿಯಾ ಸೇರಿರುತ್ತವೆ. ನೀರು ಹಾಯಿಸದೆ ಕೊರೆದರೆ ಇನ್ನೊಂದು ತೊಂದರೆ, 47 ಡಿಗ್ರಿ ಸೆಲ್ಸಿಯಸ್ ಶಾಖ ಒಂದು ನಿಮಿಷ ತಾಗಿದರೆ ಮೂಳೆಗೆ ಹಾನಿಯಾಗುತ್ತದೆ. ಸ್ವಂತ ಮೂಳೆಯ ದೌರ್ಬಲ್ಯ ಎರಡು: ಬೇಗ ಕುಗ್ಗುತ್ತದೆ, ಎರಡನೆಯ ಗಾಯ ಬೇಕಾಗುತ್ತದೆ. ಒಂದು ಹಲ್ಲಿನ ಗುಂಡಿಗಾಗಿ ಗದ್ದವನ್ನು ತೆರೆಯುವುದು ಕಿರುಛೇದದ ಉದ್ದೇಶಕ್ಕೇ ವಿರುದ್ಧ. ಸೊಂಟದ ಮೂಳೆಯ ತಾಜಾ ಮಜ್ಜೆಯನ್ನು ಬೇರಿನ ಪಕ್ಕ ಹಾಕುವ ಕ್ರಮ ಒಂದು ಕಾಲದಲ್ಲಿ ಇತ್ತು. ಮೂಳೆ ಚೆನ್ನಾಗಿ ಬೆಳೆಯುತ್ತಿತ್ತು, ಕೆಲವರಲ್ಲಿ ಬೇರೇ ಕರಗಿಹೋಗುತ್ತಿತ್ತು. ಹಾಗಾಗಿ ಅದನ್ನು ಕೈಬಿಟ್ಟರು.

ಇನ್ನೊಬ್ಬ ಮನುಷ್ಯನ, ಅಂದರೆ ದಾನಿಯ ಮೂಳೆಯನ್ನು ಸಂಸ್ಕರಿಸಿ ಮಾಡಿದ ಪುಡಿ ಅಲೋಗ್ರಾಫ್ಟ್. ಇದರಲ್ಲಿ ಎರಡು ಬಗೆ. ಖನಿಜ ಉಳಿಸಿಕೊಂಡು ಹೆಪ್ಪುಗಟ್ಟಿಸಿ ಒಣಗಿಸಿದ್ದು ಎಫ್‌ಡಿಬಿಎ. ಆಮ್ಲದಿಂದ ಖನಿಜ ತೆಗೆದದ್ದು ಡಿಎಫ್‌ಡಿಬಿಎ. ಖನಿಜ ತೆಗೆದರೆ ಒಳಗಿರುವ ಮೂಳೆ ಬೆಳೆಸುವ ಪ್ರೋಟೀನುಗಳು ಹೊರಗೆ ಸಿಗುತ್ತವೆ. ಖನಿಜ ತೆಗೆದ ಮೂಳೆಯಿಂದ ಮಾಂಸದೊಳಗೂ ಹೊಸ ಮೂಳೆ ಹುಟ್ಟುತ್ತದೆ ಎಂದು ಅಮೆರಿಕದ ಮಾರ್ಷಲ್ ಯೂರಿಸ್ಟ್ 1965ರಲ್ಲಿ ತೋರಿಸಿದ್ದರು. 1989ರಲ್ಲಿ ಬೋವರ್ಸ್ ತಂಡ ಮಾನವ ಹಲ್ಲುಗಳ ಅಂಗಾಂಶ ಪರೀಕ್ಷೆಯಲ್ಲಿ ಡಿಎಫ್‌ಡಿಬಿಎ ಹಾಕಿದ ಕಡೆ ಹೊಸ ಸಿಮೆಂಟಮ್, ಲಿಗಮೆಂಟ್, ಮೂಳೆ ಮೂರನ್ನೂ ಗುರುತಿಸಿತು. ಹಲ್ಲಿನ ಪಕ್ಕದ ಗುಂಡಿಗೆ ಈ ಪುಡಿಯ ಹೆಸರು ಇಂದಿಗೂ ಮೊದಲ ಸಾಲಿನಲ್ಲಿರಲು ಇದು ಕಾರಣ. ಆದರೆ ಎಲ್ಲ ಸೀಸೆಯೂ ಒಂದೇ ಅಲ್ಲ. ದಾನಿಯ ವಯಸ್ಸು ಹೆಚ್ಚಿದಷ್ಟೂ, ಸಂಸ್ಕರಣೆ ಬದಲಾದಂತೆಲ್ಲ ಮೂಳೆ ಬೆಳೆಸುವ ಶಕ್ತಿ ಬದಲಾಗುತ್ತದೆ. ಖನಿಜವಿಲ್ಲದ ಕಣ ಮೆತ್ತಗಿರುವುದರಿಂದ ಜಾಗ ಹಿಡಿದು ನಿಲ್ಲುವ ಶಕ್ತಿಯೂ ಕಡಿಮೆ. ಹಲ್ಲು ಕಿತ್ತ ಕುಳಿಗೆ, ದವಡೆಯ ದಪ್ಪ ಹೆಚ್ಚಿಸಲು ಎಫ್‌ಡಿಬಿಎ ಅಥವಾ ಎರಡರ 70:30 ಮಿಶ್ರಣವನ್ನು ಆರಿಸುವುದು ಈ ಕಾರಣಕ್ಕೆ.

ಗೋವಿನ ಮೂಳೆಯ ಜೈವಿಕ ಅಂಶವನ್ನೆಲ್ಲ ತೆಗೆದು ಉಳಿಸಿದ ಖನಿಜ ಹಂದರ ಪ್ರಾಣಿಮೂಲದ ಪುಡಿಗಳಾದ ಕ್ಸೀನೋಗ್ರಾಫ್ಟ್‌ಗಳಲ್ಲಿ ಅತಿ ಹೆಚ್ಚು ಬಳಕೆಯದು, ಬಯೋ-ಆಸ್ ಇದರ ಪರಿಚಿತ ಹೆಸರು. 0.25ರಿಂದ 1 ಮಿ.ಮೀ. ಸಣ್ಣ ಕಣ ಹಲ್ಲಿನ ಗುಂಡಿಗೆ, 1ರಿಂದ 2 ಮಿ.ಮೀ. ದೊಡ್ಡ ಕಣ ಸೈನಸ್ (ಮೇಲ್ದವಡೆಯ ಮೇಲಿನ ಗಾಳಿಗೂಡು) ಎತ್ತುವಂಥ ದೊಡ್ಡ ಜಾಗಕ್ಕೆ. ಇದರ ಬಲ ಮತ್ತು ಆಕ್ಷೇಪ ಎರಡೂ ಒಂದೇ: ಕರಗುವುದು ಅತಿ ನಿಧಾನ. ವರ್ಷಗಳ ನಂತರವೂ ಕಣಗಳು ಮೂಳೆಯೊಳಗೆ ಹುದುಗಿ ಕೂತಿರುತ್ತವೆ. ದವಡೆಯ ಆಕಾರ ಉಳಿಸಿಕೊಳ್ಳಲು ಇದು ವರ. ಸಂಪೂರ್ಣ ಸ್ವಂತ ಮೂಳೆಯೇ ಬೇಕು ಎನ್ನುವವರಿಗೆ ಕಿರಿಕಿರಿ. ಒಂದೇ ಗೋಡೆಯ ಗುಂಡಿಯಲ್ಲಿ ಕಂಬವಾಗಿ ನಿಲ್ಲಲು ಇದಕ್ಕಿಂತ ನಂಬಿಕೆಯ ವಸ್ತು ಕಡಿಮೆ. 10 ಶೇಕಡಾ ಹಂದಿಯ ಕೊಲಾಜೆನ್ ಬೆರೆಸಿದ ತುಂಡುಗಳೂ ಸಿಗುತ್ತವೆ. ಅವನ್ನು ಕತ್ತರಿಸಿ, ಒದ್ದೆ ಮಾಡಿ, ಕಿಟಕಿಯಲ್ಲಿ ತೂರಿಸುವುದು ಬಿಡಿ ಹರಳಿಗಿಂತ ಸುಲಭ. ದಾನಿಯ ಮೂಳೆ, ಗೋವು, ಹಂದಿ, ಯಾವ ಮೂಲದ್ದೇ ಇರಲಿ, ಸಮ್ಮತಿ ಪಡೆಯುವಾಗಲೇ ರೋಗಿಗೆ ಹೇಳಬೇಕು. ಇದು ಶಿಷ್ಟಾಚಾರದ ಮಾತಲ್ಲ, ನಂಬಿಕೆಯ ಕಾರಣಕ್ಕೆ ಬೇಡವೆನ್ನುವವರು ಇದ್ದಾರೆ, ಅವರಿಗೆ ಬೇರೆ ದಾರಿಯೂ ಇದೆ.

ಆ ಬೇರೆ ದಾರಿ ಕೃತಕ ವಸ್ತುಗಳು. ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಕೆಲವು ತಿಂಗಳುಗಳಿಂದ ಒಂದೆರಡು ವರ್ಷಗಳಲ್ಲಿ ಕರಗುತ್ತದೆ. ಹೈಡ್ರಾಕ್ಸಿಅಪಟೈಟ್ ಹೆಚ್ಚು ಕಾಲ ನಿಲ್ಲುತ್ತದೆ. ಎರಡನ್ನೂ ಬೆರೆಸಿದವು, ಸಾಮಾನ್ಯವಾಗಿ ಹೈಡ್ರಾಕ್ಸಿಅಪಟೈಟ್ 60, ಇನ್ನೊಂದು 40 ಪಾಲು, ನಡುವಿನ ವೇಗ ಕೊಡುತ್ತವೆ. 1969ರಲ್ಲಿ ಲ್ಯಾರಿ ಹೆಂಚ್ ರೂಪಿಸಿದ 45ಎಸ್5 ಜೈವಿಕ ಗಾಜು ದ್ರವ ತಾಗಿದೊಡನೆ ಮೇಲ್ಮೈಯಲ್ಲಿ ಸಿಲಿಕಾ ಜೆಲ್, ಅದರ ಮೇಲೆ ಮೂಳೆಯಂಥದೇ ಖನಿಜ ಪದರ ಕಟ್ಟಿಕೊಂಡು ಮೂಳೆಗೆ ಅಂಟುತ್ತದೆ. ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುವುದರಿಂದ ಕೈಗೂ ಹಿತ. ಪಾಕೆಟ್ ಕಡಿಮೆ ಮಾಡುವುದರಲ್ಲಿ ಕೃತಕ ವಸ್ತುಗಳು ಸೋಲುವುದಿಲ್ಲ. ಅಂಗಾಂಶ ಪರೀಕ್ಷೆಯಲ್ಲಿ ಮಾತ್ರ ಹಲವು ಸಲ ಕಾಣುವುದು, ಕಣಗಳ ಸುತ್ತ ನಾರಿನ ಪೊರೆ ಮತ್ತು ಬೇರಿನ ಉದ್ದಕ್ಕೆ ಇಳಿದ ಹೊರಪದರ. ಅಂದರೆ ಮೊದಲೇ ಹೇಳಿದ ರಿಪೇರಿ.

ಕಣದ ಗಾತ್ರದ ಮಾತು ಯಾವ ಪುಡಿಗೂ ಅನ್ವಯ. ಸುಮಾರು 0.1 ಮಿ.ಮೀ.ಗಿಂತ ಸಣ್ಣ ಕಣವನ್ನು ದೇಹದ ಭಕ್ಷಕ ಕೋಶಗಳು ನುಂಗಿ ಹಾಕುತ್ತವೆ. 1 ಮಿ.ಮೀ. ಮೀರಿದರೆ ಚಿಕ್ಕ ಗುಂಡಿಯಲ್ಲಿ ನಾಲ್ಕೈದು ಕಲ್ಲು ಕೂತಂತಾಗಿ ನಡುವೆ ಪೊಳ್ಳು ಉಳಿಯುತ್ತದೆ.

ಜೆಲ್, ರಕ್ತ, ಸಂಕೇತ ಪ್ರೋಟೀನುಗಳು

ಎನಾಮೆಲ್ ಪ್ರೋಟೀನಿನ ಜೆಲ್ ಹಂದಿಮರಿಯ ಬೆಳೆಯುತ್ತಿರುವ ಹಲ್ಲಿನಿಂದ ತೆಗೆದದ್ದು, ಎಮ್‌ಡೊಗೇನ್ ಎಂಬ ಹೆಸರಿನಲ್ಲಿ 1990ರ ದಶಕದಿಂದ ಬಳಕೆಯಲ್ಲಿದೆ. ಬೇರು ಹುಟ್ಟುವಾಗ ಸಿಮೆಂಟಮ್ ಮೂಡಿಸುವ ಪ್ರಕ್ರಿಯೆಯನ್ನೇ ಇದು ಮತ್ತೆ ಚಾಲೂ ಮಾಡುತ್ತದೆ ಎಂಬುದು ಇದರ ಹಿಂದಿನ ತರ್ಕ. ಕ್ರಮ ಹೀಗೆ: ಬೇರನ್ನು ಶುದ್ಧಗೊಳಿಸಿ, ತಟಸ್ಥ ಪಿಎಚ್‌ನ 24 ಶೇಕಡಾ ಇಡಿಟಿಎ ಎಂಬ ರಾಸಾಯನಿಕದ ಜೆಲ್ ಅನ್ನು 2 ನಿಮಿಷ ಹಚ್ಚಿ, ಸಲೈನ್‌ನಿಂದ ಚೆನ್ನಾಗಿ ತೊಳೆದು, ಬೇರಿನ ಮೇಲೆ ರಕ್ತ ಹರಿದು ಬರುವ ಮೊದಲೇ ಗುಂಡಿಯ ತಳದಿಂದ ಮೇಲಕ್ಕೆ ತುಂಬಬೇಕು. ರಕ್ತ ಮೊದಲು ಮೆತ್ತಿಕೊಂಡರೆ ಪ್ರೋಟೀನ್ ಬೇರಿಗೆ ಅಂಟುವುದಿಲ್ಲ. ಬಳಸುವವರು ಎಡವುವುದು ಹೆಚ್ಚಾಗಿ ಇಲ್ಲೇ. ಈ ಜೆಲ್ ಜಾಗ ಹಿಡಿಯುವುದಿಲ್ಲ. ಅಗಲ ಗುಂಡಿಯಲ್ಲಿ ಒಂಟಿಯಾಗಿ ಹಾಕಿದರೆ ವಸಡು ಕುಸಿಯುತ್ತದೆ, ಆಗ ಜೊತೆಗೊಂದು ಪುಡಿ ಬೇಕು.

ರೋಗಿಯ ರಕ್ತದಿಂದ ಮಾಡುವ ಪ್ಲೇಟ್‌ಲೆಟ್ ತುಂಬಿದ ಫೈಬ್ರಿನ್ ಹೆಪ್ಪು, ಅಂದರೆ ಪಿಆರ್‌ಎಫ್ ಅಗ್ಗ, ಮೂಲದ ಬಗ್ಗೆ ತಕರಾರಿಲ್ಲ. ಹೆಪ್ಪುನಿರೋಧಕವಿಲ್ಲದ 10 ಮಿ.ಲೀ. ಟ್ಯೂಬಿನಲ್ಲಿ ರಕ್ತ ತೆಗೆದು, ಕೂಡಲೇ ಯಂತ್ರಕ್ಕಿಟ್ಟು, ನಿಮಿಷಕ್ಕೆ 2,700 ಸುತ್ತಿನಂತೆ 12 ನಿಮಿಷ ತಿರುಗಿಸುವುದು ಪ್ರಚಲಿತ ಕ್ರಮಗಳಲ್ಲೊಂದು. ಸುತ್ತಿನ ಸಂಖ್ಯೆಯೊಂದೇ ಹೇಳಿದರೆ ಅರ್ಥವಿಲ್ಲ, ಯಂತ್ರದ ತೋಳಿನ ಉದ್ದಕ್ಕೆ ತಕ್ಕಂತೆ ಬಲ ಬದಲಾಗುತ್ತದೆ. ಒಬ್ಬರಿಗೆ ಗಟ್ಟಿ ಹೆಪ್ಪು ಬಂದ ಅಂಕಿಯೇ ಇನ್ನೊಂದು ಯಂತ್ರದಲ್ಲಿ ನೀರು ನೀರಾದ ಹೆಪ್ಪು ಕೊಡುವುದು ಇದರಿಂದ. ರಕ್ತ ತೆಗೆದು ಎರಡು ಮೂರು ನಿಮಿಷ ಮೇಜಿನ ಮೇಲೆ ಇಟ್ಟರೂ ಕೆಡುತ್ತದೆ, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರಲ್ಲಿ ಹೆಪ್ಪು ಸಡಿಲ. ಒಂದೆರಡು ವಾರಗಳಲ್ಲಿ ಕರಗಿಹೋಗುವುದರಿಂದ ಇದೂ ಕಂಬವಾಗಲಾರದು. ಇದರ ಉತ್ತಮ ಉಪಯೋಗ ಅಂಟು: ಕಡಿಮೆ ವೇಗದಲ್ಲಿ, 700 ಸುತ್ತಿನಲ್ಲಿ 3 ನಿಮಿಷ ತಿರುಗಿಸಿ ಪಡೆದ ದ್ರವರೂಪದ ಪಿಆರ್‌ಎಫ್ ಅನ್ನು ಹರಳಿಗೆ ಬೆರೆಸಿದರೆ ಕೆಲವು ನಿಮಿಷಗಳಲ್ಲಿ ಮುದ್ದೆ ಕಟ್ಟುತ್ತದೆ. ‘ಸ್ಟಿಕಿ ಬೋನ್’ ಎಂದು ಕರೆಯುವುದು ಇದನ್ನೇ.

ಪ್ರಯೋಗಾಲಯದಲ್ಲಿ ತಯಾರಿಸಿದ ಸಂಕೇತ ಪ್ರೋಟೀನುಗಳಲ್ಲಿ ಪಿಡಿಜಿಎಫ್-ಬಿಬಿಯನ್ನು ಮಿ.ಲೀ.ಗೆ 0.3 ಮಿ.ಗ್ರಾಂ. ಪ್ರಮಾಣದಲ್ಲಿ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಜೊತೆ ಬಳಸಲು ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2005ರಲ್ಲಿ ಅನುಮತಿ ಕೊಟ್ಟಿತು. ಬಿಎಂಪಿ-2 ಮೂಳೆ ಬೆಳೆಸುವುದರಲ್ಲಿ ಇನ್ನೂ ಬಲಶಾಲಿ, ಅದರ ಜಾಗ ಹಲ್ಲಿಲ್ಲದ ದವಡೆ ಮತ್ತು ಸೈನಸ್. ಹಲ್ಲಿನ ಬೇರಿಗೆ ತಾಗುವಂತೆ ಹಾಕಿದರೆ ಮೂಳೆ ನೇರ ಬೇರಿಗೇ ಬೆಸೆದುಕೊಳ್ಳುವ ಅಪಾಯವಿದೆ, ಊತವೂ ಜಾಸ್ತಿ.

ವಸಡಿನ ಕಸಿ: ಅಂಗುಳಿನದೋ, ಪೆಟ್ಟಿಗೆಯದೋ

ವಸಡು ಇಳಿದು ಬೇರು ಕಾಣುತ್ತಿದ್ದರೆ ಬೇಕಾದದ್ದು ಮೃದು ಅಂಗಾಂಶದ ಗ್ರಾಫ್ಟ್. ಇಲ್ಲಿ ತೀರ್ಪು ಮೂಳೆ ಪುಡಿಗಳಷ್ಟು ಗೊಂದಲದ್ದಲ್ಲ. ಅಂಗುಳಿನಿಂದ ತೆಗೆದ ರೋಗಿಯ ಸ್ವಂತ ಕನೆಕ್ಟಿವ್ ಟಿಶ್ಯೂ (ಹೊರಪದರದಡಿಯ ನಾರಿನ ಅಂಗಾಂಶ) ಬೇರನ್ನು ಪೂರ್ತಿ ಮುಚ್ಚುವುದರಲ್ಲೂ, ದಪ್ಪ ಉಳಿಸಿಕೊಳ್ಳುವುದರಲ್ಲೂ ಬದಲಿ ವಸ್ತುಗಳಿಗಿಂತ ಮುಂದಿದೆ. ಆದರೂ ಎಷ್ಟು ಮುಚ್ಚುತ್ತದೆ ಎಂಬುದನ್ನು ಮೊದಲು ನಿರ್ಧರಿಸುವುದು ಹಲ್ಲುಗಳ ಸಂದಿನ ಹಿಡಿತ. ಅದು ಕೆಡದಿದ್ದರೆ ಪೂರ್ತಿ ಮುಚ್ಚುವ ಆಸೆ ಇಟ್ಟುಕೊಳ್ಳಬಹುದು. ಹೊರಗಿನ ನಷ್ಟಕ್ಕಿಂತ ಸಂದಿನ ನಷ್ಟವೇ ಹೆಚ್ಚಿದ್ದರೆ ಯಾವ ಗ್ರಾಫ್ಟ್‌ನಿಂದಲೂ ಪೂರ್ತಿ ಮುಚ್ಚುವುದಿಲ್ಲ.

ಅಂಗುಳಿನಿಂದ ತೆಗೆಯುವ ಪಟ್ಟಿ 1ರಿಂದ 1.5 ಮಿ.ಮೀ. ದಪ್ಪವಿದ್ದರೆ ಸಾಕು. ಕೋರೆಹಲ್ಲಿನ ಹಿಂಬದಿಯಿಂದ ಮೊದಲ ದವಡೆಹಲ್ಲಿನ ನಡುವಿನವರೆಗೆ ಸುರಕ್ಷಿತ ಜಾಗ. ಒಳಗೆ ಹಾದುಹೋಗುವ ದೊಡ್ಡ ರಕ್ತನಾಳ ಹಲ್ಲಿನ ಕುತ್ತಿಗೆಯಿಂದ ಚಪ್ಪಟೆ ಅಂಗುಳಿನವರಲ್ಲಿ ಸುಮಾರು 7 ಮಿ.ಮೀ., ಸಾಧಾರಣ ಅಂಗುಳಿನಲ್ಲಿ 12, ಎತ್ತರದ ಕಮಾನಿನವರಲ್ಲಿ 17 ಮಿ.ಮೀ. ದೂರದಲ್ಲಿರುತ್ತದೆ. ಚಪ್ಪಟೆ ಅಂಗುಳಿನಲ್ಲಿ ಅಗಲದ ಪಟ್ಟಿಗೆ ಆಸೆಪಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚು. ತೆಗೆದ ಪಟ್ಟಿ ಮೊದಲ ಎರಡು ಮೂರು ದಿನ ಸುತ್ತಲಿನ ದ್ರವದಿಂದಷ್ಟೇ ಬದುಕುತ್ತದೆ, ನಂತರ ರಕ್ತನಾಳ ಕೂಡಿಕೊಳ್ಳುತ್ತದೆ. ಆ ದಿನಗಳಲ್ಲಿ ಅದು ಕೂದಲೆಳೆಯಷ್ಟೂ ಜರುಗಬಾರದು.

ಎರಡನೆಯ ಗಾಯ ಬೇಡವಾದರೆ, ಹಲವು ಹಲ್ಲುಗಳಿಗೆ ಒಮ್ಮೆಲೇ ಬೇಕಾದರೆ, ಜೀವಕೋಶಗಳನ್ನು ತೆಗೆದ ಚರ್ಮದ ಹಾಳೆ (ಮ್ಯಾಟ್ರಿಕ್ಸ್) ಅಥವಾ ಹಂದಿಯ ಕೊಲಾಜೆನ್ ಮ್ಯಾಟ್ರಿಕ್ಸ್ ಇವೆ. ಸ್ವಂತ ಪಟ್ಟಿಯ ಅಂಚು ಒಂದು ಮಿ.ಮೀ. ಹೊರಗೆ ಕಂಡರೂ ಬದುಕಿಕೊಳ್ಳುತ್ತದೆ. ಚರ್ಮದ ಮ್ಯಾಟ್ರಿಕ್ಸ್ ಹಾಗಲ್ಲ, ಪೂರ್ತಿ ವಸಡಿನಡಿ ಮುಚ್ಚಿರಬೇಕು, ಹೊರಗೆ ಕಂಡ ಭಾಗ ಕೊಳೆಯುತ್ತದೆ. ಕೊಲಾಜೆನ್ ಮ್ಯಾಟ್ರಿಕ್ಸ್ ಒದ್ದೆಯಾದಾಗ ಉಬ್ಬುವುದರಿಂದ ಅಳತೆಗಿಂತ ಚಿಕ್ಕದಾಗಿ ಕತ್ತರಿಸದಿದ್ದರೆ ಮೇಲಿನ ವಸಡಿಗೆ ಎಳೆತ ಬೀಳುತ್ತದೆ. ಸುರಂಗ ವಿಧಾನಗಳು ಈ ವಸ್ತುಗಳಿಗೆ ಚೆನ್ನಾಗಿ ಹೊಂದುತ್ತವೆ. 2011ರಲ್ಲಿ ಜಾದೆ ವಿವರಿಸಿದ ವಿಸ್ಟಾ ಕ್ರಮದಲ್ಲಿ ತುಟಿಯ ಬದಿಯಲ್ಲಿ ಒಂದೇ ಲಂಬ ಛೇದ, ಅಲ್ಲಿಂದ ಮೂಳೆಹೊದಿಕೆಯಡಿ ಸುರಂಗ, ವಸಡನ್ನು ಮೇಲಕ್ಕೆಳೆದು ಹೊಲಿಗೆಯನ್ನು ಹಲ್ಲಿಗೇ, ಹಲ್ಲು ತುಂಬಲು ಬಳಸುವ ಕಾಂಪೊಸಿಟ್‌ನಿಂದ ಅಂಟಿಸುತ್ತಾರೆ. ಸುರಂಗದ ತುದಿಯಲ್ಲಿ ವಸಡು ತೆಳುವಾಗಿದ್ದರೆ ಉಪಕರಣ ಹೊರಗೆ ತೂರಿ ಹರಿಯುವುದು ಇಲ್ಲಿನ ಸಾಮಾನ್ಯ ಅವಘಡ.

ಕೈಯ ಕೆಲಸದಲ್ಲಿ ಕೆಡುವುದು

ಪುಡಿಯನ್ನು ಸಲೈನ್ ಅಥವಾ ರೋಗಿಯ ರಕ್ತದಲ್ಲಿ ನೆನೆಸಿ, ಸ್ವಲ್ಪ ಸ್ವಲ್ಪವಾಗಿ ತಳದಿಂದ ತುಂಬಬೇಕು. ಹಗುರವಾಗಿ ಒತ್ತಿದರೆ ಸಾಕು. ಬಿಗಿಯಾಗಿ ಜಡಿದರೆ ಕಣಗಳ ನಡುವೆ ರಕ್ತನಾಳ ಬೆಳೆಯಲು ಜಾಗವೇ ಉಳಿಯುವುದಿಲ್ಲ. ಉಳಿದ ಮೂಳೆಯ ಅಂಚಿನವರೆಗಷ್ಟೇ ತುಂಬುವುದು ನಿಯಮ. ಗೋಪುರದಂತೆ ಎತ್ತರಿಸಿ ತುಂಬಿದ್ದು ಮೂಳೆಯಾಗುವುದಿಲ್ಲ, ಬದಲಿಗೆ ಪ್ಯಾಪಿಲ್ಲಾ ಕೂಡದಂತೆ ಮಾಡುತ್ತದೆ. ಗುಂಡಿಯ ಗೋಡೆ ಒಣಗಿ ಹೊಳೆಯುತ್ತಿದ್ದರೆ ಕೊರೆಯುವ ಮೊನೆಯಾದ ಸಣ್ಣ ಬರ್‌ನಿಂದ ಮಜ್ಜೆ ತಲುಪುವಷ್ಟು ಚುಚ್ಚಿ ರಕ್ತ ಬರಿಸುವುದು ರೂಢಿ. ಹೊಲಿಗೆಗೆ 6-0 ಅಥವಾ 7-0 ದಾರ, ಪ್ಯಾಪಿಲ್ಲಾದ ಅಂಚುಗಳು ಎಳೆತವಿಲ್ಲದೆ ಮುಟ್ಟಿಕೊಳ್ಳುವಂತೆ ಒಳಗಿನ ಮ್ಯಾಟ್ರೆಸ್ ಹೊಲಿಗೆ. ಅಲುಗಾಡುವ ಹಲ್ಲನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಪಕ್ಕದ ಹಲ್ಲಿಗೆ ಕಟ್ಟಬೇಕು. ಪ್ರತಿ ಕಡಿತಕ್ಕೂ ಅಲುಗುವ ಬೇರಿನ ಮೇಲೆ ಹೆಪ್ಪು ನಿಲ್ಲುವುದಿಲ್ಲ.

ಮೊದಲ ಕೆಲವು ದಿನ ನಾಲಗೆಗೆ ಮರಳಿನಂತೆ ಒಂದೆರಡು ಹರಳು ಸಿಕ್ಕರೆ ಗಾಬರಿ ಬೇಡ. ಪ್ಯಾಪಿಲ್ಲಾ ಬಿಳಿಚಿ ಬಾಯಿಬಿಟ್ಟು, ದಿನವೂ ಹರಳು ಉದುರುತ್ತಿದ್ದರೆ ಕೂಡಲೇ ತೋರಿಸಬೇಕು. ಕೀವು ಬಂದರೆ ಪುಡಿಯನ್ನು ತೆಗೆಯುವುದೇ ಸರಿ. ತುಟಿ ಎತ್ತಿ ಕನ್ನಡಿಯಲ್ಲಿ ಹೊಲಿಗೆ ನೋಡಿಕೊಳ್ಳುವುದು ರೋಗಿಗಳು ಮಾಡುವ ಅತಿ ದುಬಾರಿ ತಪ್ಪು, ಸುರಂಗದೊಳಗಿನ ಪಟ್ಟಿ ಹೀಗೆ ಜರುಗಬಹುದು. ಆ ಜಾಗದಲ್ಲಿ ಮೂರು ನಾಲ್ಕು ವಾರ ಬ್ರಷ್ ಇಲ್ಲ, ಬದಲಿಗೆ 0.12 ಅಥವಾ 0.2 ಶೇಕಡಾ ಕ್ಲೋರ್‌ಹೆಕ್ಸಿಡೀನ್. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ ಒಂದರಿಂದ ಎರಡು ವಾರಕ್ಕೆ.

ವಸ್ತುವಿನ ಆಯ್ಕೆಗಿಂತ ಭಾರವಾದ ಎರಡು ಕಾರಣಗಳಿವೆ. ದಿನಕ್ಕೆ 10ಕ್ಕಿಂತ ಹೆಚ್ಚು ಸಿಗರೇಟ್ ಸೇದುವವರಲ್ಲಿ ಫಲಿತಾಂಶ ಎಷ್ಟು ಕುಸಿಯುತ್ತದೆಂದರೆ ಅನೇಕರು ಶಸ್ತ್ರಚಿಕಿತ್ಸೆಯನ್ನೇ ಮುಂದೂಡುತ್ತಾರೆ. ಹಲ್ಲಿನ ಪಾಚಿ ಮತ್ತು ವಸಡಿನ ರಕ್ತಸ್ರಾವ ಬಾಯಿಯ 20 ಶೇಕಡಾ ಜಾಗಗಳಿಗಿಂತ ಕೆಳಗೆ ಇಳಿಯುವವರೆಗೆ ಕಾಯುವುದೂ ಅಷ್ಟೇ ಮುಖ್ಯ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಗೂ ಇದೇ ಮಾತು.

ಎಕ್ಸ್‌ರೇ ಹೇಳುವ ಸುಳ್ಳು

ಗೋವಿನ ಮೂಳೆ ಪುಡಿ ಮತ್ತು ಹೈಡ್ರಾಕ್ಸಿಅಪಟೈಟ್ ಹಾಕಿದ ದಿನವೇ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತವೆ. ಗುಂಡಿ ‘ತುಂಬಿದೆ’ ಎಂದು ಮೊದಲ ದಿನವೇ ತೋರಿಸಬಹುದು. ಅದು ಮೂಳೆಯೋ, ಕೂತ ಕಣವೋ ಎಂದು ಆ ಚಿತ್ರ ಹೇಳಲಾರದು. ಖನಿಜ ತೆಗೆದ ಡಿಎಫ್‌ಡಿಬಿಎ ಇದಕ್ಕೆ ವಿರುದ್ಧ, ಮೊದಲಿಗೆ ಕಪ್ಪಾಗಿಯೇ ಕಾಣುತ್ತದೆ, ತಿಂಗಳುಗಳು ಕಳೆದಂತೆ ಬೆಳ್ಳಗಾದರೆ ಅದು ದೇಹ ಹೊಸದಾಗಿ ಸೇರಿಸಿದ ಖನಿಜ. ಹಾಗಾಗಿ ಎರಡು ವಸ್ತುಗಳನ್ನು ಎಕ್ಸ್‌ರೇಯ ಬಿಳುಪಿನಿಂದ ಹೋಲಿಸುವ ಚಿತ್ರಗಳನ್ನು ನಂಬುವ ಮುನ್ನ ಯಾವ ವಸ್ತು, ಎಷ್ಟು ತಿಂಗಳ ನಂತರ ಎಂದು ಕೇಳಬೇಕು. ಪ್ರೋಬ್ ಹಾಕಿ ನೋಡುವ ಆತುರವೂ ಕೂಡದು, 6 ತಿಂಗಳೊಳಗೆ ಚುಚ್ಚಿದರೆ ಬೆಳೆಯುತ್ತಿರುವ ಅಂಗಾಂಶವೇ ಹರಿಯುತ್ತದೆ. ಮೂಳೆಯ ಖನಿಜ ತುಂಬುವಿಕೆ ವರ್ಷದವರೆಗೂ ನಡೆದಿರುತ್ತದೆ.

ಇಂಪ್ಲಾಂಟ್‌ಗಾಗಿ ಕುಳಿ ತುಂಬಿಸಿದ್ದರೆ ಕಾಯುವ ಕಾಲ ಪುಡಿಯ ಮೇಲೆ ನಿಂತಿದೆ. ದಾನಿಯ ಮೂಳೆಗೆ ನಾಲ್ಕು ತಿಂಗಳ ಆಸುಪಾಸು, ಗೋವಿನ ಮೂಳೆಗೆ ಆರು ತಿಂಗಳು ಅಥವಾ ಹೆಚ್ಚು. ಸೀಸೆಯ ಮೇಲಿನ ಬ್ಯಾಚ್ ಸ್ಟಿಕ್ಕರನ್ನು ರೋಗಿಯ ಕಡತದಲ್ಲಿ ಅಂಟಿಸಿ, ಒಂದು ಪ್ರತಿಯನ್ನು ರೋಗಿಯ ಕೈಗೂ ಕೊಡುವುದು ಒಳ್ಳೆಯದು. ಐದಾರು ವರ್ಷಗಳ ನಂತರ ಬೇರೊಬ್ಬ ವೈದ್ಯರು ಎಕ್ಸ್‌ರೇಯಲ್ಲಿ ಬೇರಿನ ಪಕ್ಕ ಬಿಳಿ ಚುಕ್ಕಿಗಳನ್ನು ಕಂಡಾಗ ಅವು ಕರಗದೆ ಉಳಿದ ಗ್ರಾಫ್ಟೋ, ಹೊಸದಾಗಿ ಕಟ್ಟಿದ ಕಲ್ಲೋ ಎಂದು ತಿಳಿಯಲು ಆ ಚೀಟಿ ಬೇಕಾಗುತ್ತದೆ.